360 ಮೊಡೆನಾ ಮತ್ತು ಗ್ಯಾಲಾರ್ಡೊ: ಎರಡನ್ನೂ ಇಟ್ಟುಕೊಂಡು ಓಡಿಸಿದ ಮೇಲೆ

ಫೆರಾರಿ ಕಾರುಗಳು ತಯಾರಾಗುವ ಮಾರನೆಲ್ಲೊ ಮತ್ತು ಲ್ಯಾಂಬೊರ್ಗಿನಿ ಕಾರುಗಳು ತಯಾರಾಗುವ ಸಾಂತಾಗಾತಾ ಬೊಲೊನ್ಯೇಸೆ, ಎರಡೂ ಇಟಲಿಯ ಮೊಡೆನಾ ನಗರದ ಆಸುಪಾಸಿನ ಊರುಗಳು. ಇಷ್ಟು ಹತ್ತಿರದ ಎರಡು ಊರುಗಳಿಂದ ನಾಲ್ಕೇ ವರ್ಷಗಳ ಅಂತರದಲ್ಲಿ ಹೊರಬಂದ ಫೆರಾರಿಯ 1999ರ 360 ಮೊಡೆನಾ ಮತ್ತು ಲ್ಯಾಂಬೊರ್ಗಿನಿಯ 2003ರ ಗ್ಯಾಲಾರ್ಡೊ ಸ್ವಭಾವದಲ್ಲಿ ಎಷ್ಟು ದೂರ ನಿಂತಿವೆ ಎಂಬುದು ನನಗೆ ಅರ್ಥವಾದದ್ದು ಎರಡನ್ನೂ ಮೂರು ವರ್ಷ ಒಂದೇ ಸೂರಿನಡಿ ಇಟ್ಟುಕೊಂಡ ಮೇಲೆ. ನನ್ನವೆರಡೂ ಆರು ಗೇರಿನ ಮ್ಯಾನುಯಲ್ ಕಾರುಗಳು. ಎರಡರಲ್ಲೂ ಎಂಜಿನ್ ಇರುವುದು ಸೀಟುಗಳ ಬೆನ್ನಿಗೆ. ಎರಡರದೂ ಅಲ್ಯೂಮಿನಿಯಂ ಚೌಕಟ್ಟು. ಆದ್ದರಿಂದ ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯವೆಂದೇ ನನ್ನ ಭಾವನೆ.

ಮೊದಲು ಎಂಜಿನ್. 360ರ ವಿ-8 (ವಿ ಆಕಾರದಲ್ಲಿ ಜೋಡಿಸಿದ ಎಂಟು ಸಿಲಿಂಡರುಗಳ) ಎಂಜಿನ್ 3586 ಸಿಸಿಯದು. ಅದರ 400 ಅಶ್ವಶಕ್ತಿ ಪೂರ್ತಿಯಾಗಿ ಸಿಗುವುದು 8500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 8500 ಸುತ್ತು ತಿರುಗುವಾಗ. ಗ್ಯಾಲಾರ್ಡೊದ ವಿ-10 ಎಂಜಿನ್ 4961 ಸಿಸಿಯದು, 7800 ಆರ್‌ಪಿಎಂಗೆ 500 ಅಶ್ವಶಕ್ತಿ. ಆದರೆ ದಿನದ ಓಡಾಟದಲ್ಲಿ ಎದ್ದು ಕಾಣುವುದು ಅಶ್ವಶಕ್ತಿಯ ವ್ಯತ್ಯಾಸವಲ್ಲ, ಟಾರ್ಕ್‌ನದು, ಅಂದರೆ ಎಂಜಿನ್ನಿನ ತಿರುಚುಬಲದ್ದು: 360ರಲ್ಲಿ 373 ನ್ಯೂಟನ್ ಮೀಟರ್, ಗ್ಯಾಲಾರ್ಡೊದಲ್ಲಿ 510. ಏರುದಾರಿಯಲ್ಲಿ ಮುಂದಿನ ವಾಹನ ನಿಧಾನವಾದಾಗ ಗ್ಯಾಲಾರ್ಡೊವನ್ನು ನಾಲ್ಕನೇ ಗೇರಿನಲ್ಲಿಯೇ ಬಿಟ್ಟು ಪೆಡಲ್ ಒತ್ತಿದರೂ ಅದು ಗೊಣಗದೆ ಎಳೆದುಕೊಂಡು ಹೋಗುತ್ತದೆ. ಅದೇ ಜಾಗದಲ್ಲಿ 360 ಎರಡು ಗೇರು ಇಳಿಸಿಕೊಡಿ ಎನ್ನುತ್ತದೆ. ಇಳಿಸಿಕೊಟ್ಟರೆ ಅದು ಕೊಡುವ ಸುಖ ಬೇರೆಯೇ ತರಹದ್ದು. ಸಮತಲ ಕ್ರ್ಯಾಂಕ್‌ಶಾಫ್ಟಿನ (ಪಿಸ್ಟನ್ನುಗಳ ಓಡಾಟವನ್ನು ಸುತ್ತಾಗಿ ಬದಲಿಸುವ ದಂಡದ) ಆ ಎಂಜಿನ್ ಹಗುರವಾಗಿ ಸುತ್ತೇರುತ್ತದೆ, 6000 ದಾಟಿದ ಮೇಲೆ ಅದರ ದನಿ ಮೇಲಿನ ಸ್ಥಾಯಿಗೆ ಹೋಗುತ್ತದೆ. ವಿ-10ರ ದನಿ ದಪ್ಪ, ತುಂಬಿದ ದನಿ. ನನ್ನ ಕಿವಿಗೆ 360ರದೇ ಹೆಚ್ಚು ಇಷ್ಟ.

ಎರಡರಲ್ಲೂ ಗೇರ್ ಲಿವರ್ ಓಡಾಡುವುದು ತೆರೆದ ಲೋಹದ ಗೇಟಿನ, ಅಂದರೆ ಲಿವರಿಗೆ ದಾರಿ ಕೊರೆದ ತಟ್ಟೆಯ, ಸೀಳುಗಳಲ್ಲಿ. 360ರ ಗೇರ್ ಗುಂಡು ಅಲ್ಯೂಮಿನಿಯಂನದು. ಬೆಳಗಿನ ಹೊತ್ತು ಅಂಗೈಗೆ ತಣ್ಣಗೆ ತಾಗುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಎರಡನೇ ಗೇರು ಬಿಗಿ, ಹಾಗಾಗಿ ಮೊದಲ ಹತ್ತು ನಿಮಿಷ ನಾನು ಒಂದರಿಂದ ನೇರ ಮೂರಕ್ಕೆ ಹೋಗುತ್ತೇನೆ. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಆ ಕಾಲದ ಗೇರ್‌ಬಾಕ್ಸಿನ ಸ್ವಭಾವ ಅದು. ಬಿಸಿಯಾದ ಮೇಲೆ ಎರಡರಿಂದ ಮೂರಕ್ಕೆ ಅಡ್ಡಲಾಗಿ ದಾಟುವಾಗ ಲಿವರ್ ಗೇಟಿನ ಅಂಚಿಗೆ ತಾಗಿ ಬರುವ ಸಣ್ಣ ‘ಟಕ್’ ಸದ್ದು, ಗೇರು ಬಿದ್ದಿತೆಂದು ಕೈಗೂ ಕಿವಿಗೂ ಒಟ್ಟಿಗೆ ಹೇಳುತ್ತದೆ. ಗ್ಯಾಲಾರ್ಡೊದ ಲಿವರ್ ಇದಕ್ಕಿಂತ ಗಟ್ಟಿ, ಕ್ಲಚ್ ಕಾಲಿಗೆ ಭಾರ; ದಟ್ಟಣೆಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಎಡ ಮೊಣಕಾಲು ನೋಯುತ್ತದೆ.

ರಸ್ತೆ ಒದ್ದೆಯಾದ ದಿನ ತೀರ್ಪು ತಿರುವುಮುರುವಾಗುತ್ತದೆ. ಗ್ಯಾಲಾರ್ಡೊದ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ; ಹಿಂದಿನ ಚಕ್ರ ಜಾರತೊಡಗಿದರೆ ವಿಸ್ಕಸ್ ಕಪ್ಲಿಂಗ್ (ಮಂದ ದ್ರವದ ಮೂಲಕ ಶಕ್ತಿ ದಾಟಿಸುವ ಜೋಡಣೆ) ಹೆಚ್ಚಿನ ಪಾಲನ್ನು ಮುಂದಕ್ಕೆ ದಾಟಿಸುತ್ತದೆ. ಮಳೆಯಲ್ಲಿ ತಿರುವಿನಿಂದ ಹೊರಬರುವಾಗ ಪೆಡಲಿನ ಮೇಲೆ ಧೈರ್ಯವಾಗಿ ಕಾಲಿಡಲು ಸಾಧ್ಯವಾದದ್ದು ಅದರಲ್ಲಿ ಮಾತ್ರ. ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಹೋಗುವ 360ರಲ್ಲಿ ನೀರು ನಿಂತ ತಿರುವನ್ನು ನಾನು ಉಸಿರು ಬಿಗಿಹಿಡಿದೇ ದಾಟಿದ್ದೇನೆ. ಆದರೆ ಒಣ ರಸ್ತೆಯಲ್ಲಿ ಮುಂದಿನ ಚಕ್ರಗಳಿಗೆ ದಿಕ್ಕು ತೋರುವುದೊಂದೇ ಕೆಲಸವಾದ್ದರಿಂದ, ಮೇಲಾಗಿ ಇಂಧನ, ಎಣ್ಣೆ ತುಂಬದ ಒಣ ತೂಕವೂ ಗ್ಯಾಲಾರ್ಡೊದ 1430 ಕಿಲೋಗೆ ಎದುರಾಗಿ 1290 ಕಿಲೋ ಆದ್ದರಿಂದ, 360ರ ಸ್ಟೀರಿಂಗ್ ಬೆರಳ ತುದಿಗೆ ಹೇಳುವ ಸುದ್ದಿ ಹೆಚ್ಚು. ಬ್ರೇಕುಗಳ ವಿಚಾರದಲ್ಲಿ ಎರಡೂ ನನಗೆ ಸಮಾನ.

ಮಾಲೀಕನ ನಿದ್ದೆಗೆ ಸಂಬಂಧಿಸಿದ್ದು ಟೈಮಿಂಗ್ ವ್ಯವಸ್ಥೆ, ಅಂದರೆ ಎಂಜಿನ್ನಿನ ವಾಲ್ವುಗಳು (ಕವಾಟಗಳು) ಪಿಸ್ಟನ್ನುಗಳ ಓಟಕ್ಕೆ ಹೊಂದಿ ತೆರೆದು ಮುಚ್ಚುವಂತೆ ಮಾಡುವ ಏರ್ಪಾಡು. 360ರಲ್ಲಿ ಎರಡು ರಬ್ಬರ್ ಬೆಲ್ಟುಗಳಿವೆ. ಓಡಿಸಿದರೂ ಓಡಿಸದಿದ್ದರೂ ಅವನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ, ಏಕೆಂದರೆ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಇದಕ್ಕೂ ಹಿಂದಿನ 355ರಲ್ಲಿ ಈ ಕೆಲಸಕ್ಕೆ ಎಂಜಿನ್ನನ್ನೇ ಇಳಿಸಬೇಕಿತ್ತು. 360ರಲ್ಲಿ ಸೀಟಿನ ಹಿಂದಿನ ಫಲಕ ಬಿಚ್ಚಿದರೆ ಸಾಕು. ನಾನು ಕೊಂಡ ಕಾರಿನ ದಾಖಲೆಯಲ್ಲಿ ಒಂದು ಕಾರ್ಯಾಗಾರದವರು ಬೆಲ್ಟ್ ಬದಲಿಸಿದ್ದೇವೆಂದು ಮುದ್ರೆ ಹಾಕಿಕೊಟ್ಟಿದ್ದರು. ಆದರೂ ಮನಸ್ಸು ಒಪ್ಪದೆ ಫಲಕ ಬಿಚ್ಚಿಸಿ ದೀಪ ಹಿಡಿದು ನೋಡಿದಾಗ ಬೆಲ್ಟಿನ ಬೆನ್ನಿನ ಮೇಲೆ ಕೂದಲೆಳೆಯಂತಹ ಬಿರುಕುಗಳು ಸಾಲಾಗಿ ಕಂಡವು. ಬೆರಳಿನಿಂದ ಬಾಗಿಸಿದರೆ ಬಾಯಿ ತೆರೆಯುತ್ತಿದ್ದವು. ಅಂದಿನಿಂದ ಯಾರ ಮುದ್ರೆಯನ್ನೂ ನಂಬದೆ ಹಳೆಯ ಬೆಲ್ಟನ್ನು ಕೈಗೆ ಕೊಡಿ ಎಂದು ಕೇಳಿ ಪಡೆಯುತ್ತೇನೆ.

ಗ್ಯಾಲಾರ್ಡೊದಲ್ಲಿ ಬೆಲ್ಟಿನ ಬದಲು ಚೈನ್ ಇರುವುದರಿಂದ ಈ ಚಿಂತೆ ಇಲ್ಲ. ಅಲ್ಲಿ ಎಚ್ಚರವಿರಬೇಕಾದದ್ದು ಕ್ಲಚ್ಚಿನ ಬಗ್ಗೆ. ನಾಲ್ಕೂ ಚಕ್ರಗಳು ನೆಲವನ್ನು ಬಿಗಿಯಾಗಿ ಹಿಡಿಯುವುದರಿಂದ ಜೋರಾಗಿ ಹೊರಟಾಗ ಟೈರು ಜಾರುವುದಿಲ್ಲ, ಆ ಹೊರೆಯೆಲ್ಲ ಕ್ಲಚ್ಚಿಗೇ ಬೀಳುತ್ತದೆ. ಕೊಳ್ಳುವವರು ಮೊದಲು ಕ್ಲಚ್ ಎಷ್ಟು ಉಳಿದಿದೆಯೆಂದು ಅಳತೆ ಮಾಡಿಸಲಿ, ಬಣ್ಣ ನೋಡುವುದು ಆಮೇಲೆ.

ಒಂದೇ ಕಾರು ಇಟ್ಟುಕೊಂಡು ಎಲ್ಲ ಹವೆಯಲ್ಲೂ ದೂರ ಹೋಗುವವರಿಗೆ ನಾನು ಗ್ಯಾಲಾರ್ಡೊವನ್ನೇ ಹೇಳುತ್ತೇನೆ. ನಾನು ಮಾತ್ರ ಅದನ್ನು ಮಾರಿ 360 ಉಳಿಸಿಕೊಂಡೆ. ಸಾಧಾರಣ ವೇಗದಲ್ಲಿಯೂ ಕೈಗೆ, ಕಾಲಿಗೆ, ಕಿವಿಗೆ ಕೆಲಸ ಕೊಡುವುದು ಅದೇ. ಗ್ಯಾಲಾರ್ಡೊದಲ್ಲಿ ಅಷ್ಟು ತೊಡಗಿಕೊಳ್ಳಲು ನಾನು ಹೋಗಬಾರದ ವೇಗಕ್ಕೆ ಹೋಗಬೇಕಾಗುತ್ತಿತ್ತು. ಮುಂದಿನ ಸರದಿಯ ಎರಡು ಬೆಲ್ಟುಗಳು ಈಗಾಗಲೇ ಕಪಾಟಿನಲ್ಲಿವೆ. ಮೂರು ವರ್ಷ ತುಂಬಲು ಇನ್ನು ಎರಡು ತಿಂಗಳಿದೆ.