ಶಿವಮೊಗ್ಗದಲ್ಲಿ ಪ್ರಾಸ್ಟೇಟ್ ಆಪರೇಷನ್: ಯಾವ ಲೇಸರ್ ಅಂತ ಕೇಳಿಯೇ ಒಪ್ಪಿಕೊಳ್ಳಿ

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಈ ಸಲದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನನಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, ಅದು ಬೆಳೆದರೆ ಮೂತ್ರದ ದಾರಿಯನ್ನು ಒತ್ತಿಹಿಡಿಯುತ್ತದೆ. ಹೋಲ್ಮಿಯಂ ಲೇಸರ್‌ನಲ್ಲಿ ಮಾಡಿದರು. ಡಾಕ್ಟರ ಕೆಲಸಕ್ಕೆ ಪೂರ್ತಿ ಅಂಕ. ವಾರ್ಡಿನ ಸಿಸ್ಟರ್‌ಗಳಿಗೂ ಅಷ್ಟೇ. ಬಿಲ್ಲಿಂಗ್ ಕೌಂಟರಿಗೆ ಪಾಸ್ ಮಾರ್ಕು ಕೊಡುವುದಕ್ಕೂ ಮನಸ್ಸಿಲ್ಲ. ದೂರು ಇರುವುದರಿಂದ ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ನಮ್ಮ ಕಡೆ ಅರವತ್ತು ದಾಟಿದ ಎಷ್ಟೋ ಗಂಡಸರು ರಾತ್ರಿಯೆಲ್ಲ ಎದ್ದೆದ್ದು ಬಚ್ಚಲಿಗೆ ಹೋಗುತ್ತಾ, ಹೆಂಡತಿಗೂ ಹೇಳದೆ ದಿನ ದೂಡುತ್ತಿದ್ದಾರೆ. ಅವರು ಓದಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ, ಈಗ ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ 90 ಗ್ರಾಂ ಅಂತ ಬಂತು. ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೆಲವು ಕಾಲ ಕೈ ಹಿಡಿಯಿತು, ಆಮೇಲೆ ಅದೂ ಸಾಕಾಗಲಿಲ್ಲ.

ಮೊದಲು ತೋರಿಸಿದ ಬೇರೊಂದು ಕಡೆ, "ಲೇಸರ್ ಮಾಡ್ತೀವಿ, ರಕ್ತ ಇಲ್ಲ, ನೋವಿಲ್ಲ" ಅಂದರು. ಯಾವ ಲೇಸರ್ ಅಂತ ಕೇಳಿದೆ. "ಲೇಟೆಸ್ಟ್ ಸರ್" ಅಂದರು. ಇನ್ನೊಂದು ಸಲ ಕೇಳಿದರೂ ಅದೇ ಉತ್ತರ. ಫೈಲು ತಗೊಂಡು ಬಂದುಬಿಟ್ಟೆ. ಒಳಗಿನ ಮೆತ್ತಗಿನ ಅಂಗಾಂಶದ ಮೇಲೆ ಒಂದೊಂದು ಲೇಸರ್ ಒಂದೊಂದು ರೀತಿ ಕೆಲಸ ಮಾಡುತ್ತದೆ. ನನ್ನ ಮೈಮೇಲೆ ಏನು ಮಾಡುತ್ತಾರೆ ಅಂತ ತಿಳಿಯದೆ ಸಹಿ ಹಾಕುವುದು ಹೇಗೆ?

ಈ ಆಸ್ಪತ್ರೆಯ ಡಾಕ್ಟರು ಅದೇ ಪ್ರಶ್ನೆಗೆ ಕುರ್ಚಿ ಮುಂದೆ ಎಳೆದುಕೊಂಡು ಕೂತರು. ಹೊರಗೆ ಓಪಿಡಿಯಲ್ಲಿ ಜನ ತುಂಬಿದ್ದರು. ಆದರೂ ನನ್ನ ಸ್ಕ್ಯಾನ್ ಕವರಿನ ಹಿಂಬದಿಯಲ್ಲೇ ಪೆನ್ನಿನಿಂದ ಅಡ್ಡಗೆರೆ ಎಳೆದು, "ಮೇಷ್ಟ್ರೇ, ಇದು ಅಂಗಾಂಶದ ಮೇಲ್ಮೈ ಅಂತ ಇಟ್ಕೊಳ್ಳಿ, ಯಾವ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತೆ ತೋರಿಸ್ತೀನಿ" ಅಂತ ಶುರು ಮಾಡಿದರು. ಆ ಕವರು ಈಗಲೂ ನನ್ನ ಹತ್ತಿರ ಇದೆ.

ಅವರು ಹೇಳಿದ್ದರ ಸಾರ ಇಷ್ಟು. ಲೇಸರ್ ಬೆಳಕನ್ನು ಹೀರಿಕೊಳ್ಳುವ ವಸ್ತು ನಮ್ಮ ಅಂಗಾಂಶದಲ್ಲಿ ಮುಖ್ಯವಾಗಿ ಎರಡು: ನೀರು, ರಕ್ತದ ಹಿಮೋಗ್ಲೋಬಿನ್. ಬೆಳಕಿನ ತರಂಗಾಂತರ ನೋಡಿದರೆ ಅದು ಯಾವುದಕ್ಕೆ ಸಿಕ್ಕಿಬೀಳುತ್ತದೆ ಅಂತ ಗೊತ್ತಾಗುತ್ತದೆ. ಸಿಕ್ಕಿಬಿದ್ದ ಜಾಗದಲ್ಲಿ ಶಾಖ ಹುಟ್ಟುತ್ತದೆ. ಸುಮಾರು 60 ಡಿಗ್ರಿಗೆ ಪ್ರೋಟೀನ್ ಹೆಪ್ಪುಗಟ್ಟಿ ಅಂಗಾಂಶ ಬೆಳ್ಳಗಾಗುತ್ತದೆ, ಸಣ್ಣ ರಕ್ತನಾಳ ಮುಚ್ಚಿಕೊಳ್ಳುತ್ತದೆ. 100 ಡಿಗ್ರಿ ಮುಟ್ಟಿದರೆ ಜೀವಕೋಶದೊಳಗಿನ ನೀರು ಆವಿಯಾಗಿ ಆ ಜಾಗವೇ ಕರಗಿ ಹೋಗುತ್ತದೆ. ಇನ್ನೂ ಮೇಲೆ ಹೋದರೆ ಕರಕಲು.

ಕವರಿನಲ್ಲಿ ಎಲ್ಲಕ್ಕಿಂತ ಉದ್ದದ ಗೆರೆ ನಿಯೋಡಿಮಿಯಂ ಯಾಗ್ ಲೇಸರ್‌ನದು, ತರಂಗಾಂತರ 1064 ನ್ಯಾನೋಮೀಟರ್. ನೀರು ಇದನ್ನು ಅಷ್ಟಾಗಿ ತಡೆಯುವುದಿಲ್ಲ. ಬೆಳಕು ಹಲವು ಮಿಲಿಮೀಟರ್ ಆಳಕ್ಕೆ ಇಳಿದು, ದೊಡ್ಡ ಭಾಗವನ್ನು ಒಳಗೊಳಗೇ ಬೇಯಿಸಿಬಿಡುತ್ತದೆ. 1990ರ ದಶಕದ ಶುರುವಿನಲ್ಲಿ ಪ್ರಾಸ್ಟೇಟಿಗೆ ಇದನ್ನು ಬಳಸುತ್ತಿದ್ದರಂತೆ. ಬೆಂದ ಅಂಗಾಂಶ ವಾರಗಟ್ಟಲೆ ಚೂರುಚೂರಾಗಿ ಉದುರುತ್ತಿತ್ತು. ಅಷ್ಟೂ ಕಾಲ ಕ್ಯಾಥೆಟರ್ (ಮೂತ್ರ ಇಳಿಸಲು ಹಾಕುವ ನಳಿಕೆ), ಉರಿ. ಆ ಕಾರಣಕ್ಕೇ ಈ ಪದ್ಧತಿ ಹಿಂದೆ ಸರಿಯಿತು.

ಅದೇ ಬೆಳಕನ್ನು ಕೆಟಿಪಿ ಎಂಬ ಹರಳಿನ ಮೂಲಕ ಹಾಯಿಸಿದರೆ ತರಂಗಾಂತರ ಅರ್ಧವಾಗಿ 532 ಆಗುತ್ತದೆ. ಅಂದರೆ ಹಸಿರು ಬೆಳಕು. ಇದು ನೀರನ್ನು ದಾಟಿ ಹೋಗುತ್ತದೆ, ಹಿಮೋಗ್ಲೋಬಿನ್‌ಗೆ ಸಿಕ್ಕಿಬೀಳುತ್ತದೆ. ಆಳ ಸುಮಾರು 0.8 ಮಿಲಿಮೀಟರ್. ರಕ್ತ ತುಂಬಿದ ಪ್ರಾಸ್ಟೇಟ್ ಅಂಗಾಂಶ ಆವಿಯಾಗಿ ಹೋಗುತ್ತದೆ, ರಕ್ತಸ್ರಾವ ಬಹಳ ಕಡಿಮೆ. ನನ್ನ ಹಾಗೆ ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಒಳ್ಳೆಯ ದಾರಿ ಅಂತ ಅವರೇ ಹೇಳಿದರು. ಒಂದು ಕೊರತೆಯನ್ನೂ ಮುಚ್ಚಿಡಲಿಲ್ಲ: ಎಲ್ಲ ಆವಿಯಾದರೆ ಕ್ಯಾನ್ಸರ್ ಇದೆಯಾ ಅಂತ ನೋಡುವ ಬಯಾಪ್ಸಿಗೆ ಕಳಿಸಲು ಚೂರೂ ಉಳಿಯುವುದಿಲ್ಲ.

ಹೋಲ್ಮಿಯಂ ಯಾಗ್ ಸುಮಾರು 2100 ನ್ಯಾನೋಮೀಟರ್. ನೀರು ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹಾಗಾಗಿ 0.4 ಮಿಲಿಮೀಟರ್‌ಗಿಂತ ಆಳಕ್ಕೆ ಹೋಗುವುದಿಲ್ಲ. ಬೆಳಕು ನಿರಂತರವಾಗಿ ಬರದೆ ಮಿಡಿತ ಮಿಡಿತವಾಗಿ ಬರುತ್ತದೆ. ಒಂದೊಂದು ಮಿಡಿತಕ್ಕೂ ಫೈಬರ್ (ಲೇಸರ್ ಬೆಳಕನ್ನು ಒಳಗೆ ಒಯ್ಯುವ ಸಣ್ಣ ಎಳೆ) ತುದಿಯಲ್ಲಿ ಒಂದು ಆವಿಗುಳ್ಳೆ ಹುಟ್ಟಿ ಒಡೆಯುತ್ತದೆ, ಆ ಹೊಡೆತಕ್ಕೆ ಅಂಗಾಂಶ ಪದರ ಪದರವಾಗಿ ಬಿಡುತ್ತದೆ. ಮಿಡಿತದ ಮೊದಲ ಭಾಗ ಗುಳ್ಳೆ ಮಾಡುತ್ತದೆ, ಉಳಿದದ್ದು ಆ ಗುಳ್ಳೆಯೊಳಗಿನ ದಾರಿಯಲ್ಲೇ ಮುಂದೆ ಹೋಗುತ್ತದೆ. ಇದಕ್ಕೆ ಮೋಸೆಸ್ ಪರಿಣಾಮ ಅನ್ನುತ್ತಾರೆ. ಇಷ್ಟು ಚೆಂದದ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲ ಅಂತ ಅನ್ನಿಸಿತು. ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡುವುದಕ್ಕೂ ಇದೇ ಲೇಸರ್ ಆಗುತ್ತದೆ.

ಥೂಲಿಯಂ ಯಾಗ್ 2010 ನ್ಯಾನೋಮೀಟರ್ ಆಸುಪಾಸು. ಇನ್ನೂ ತೆಳು, 0.2 ಮಿಲಿಮೀಟರ್. ಬೆಳಕು ನಿರಂತರ, ಕತ್ತರಿಸಿದ ಅಂಚು ನುಣುಪು. ಅದರ ಹೊಸ ತಮ್ಮ ಥೂಲಿಯಂ ಫೈಬರ್ ಲೇಸರ್, 1940 ನ್ಯಾನೋಮೀಟರ್. ನೀರು ಇದನ್ನು ಇನ್ನೂ ಜಾಸ್ತಿ ಹೀರುತ್ತದೆ. 980ರ ಡಯೋಡ್ ಲೇಸರ್ ರಕ್ತ ನಿಲ್ಲಿಸುವುದರಲ್ಲಿ ಗಟ್ಟಿ, ಆದರೆ ಅದರ ಶಾಖ ಆಳಕ್ಕೆ ಹೋಗಿ ಸತ್ತ ಅಂಗಾಂಶ ಜಾಸ್ತಿ ಉಳಿಯಬಹುದು. ಕಾರ್ಬನ್ ಡೈಆಕ್ಸೈಡ್ ಲೇಸರ್ 10,600. ಅದನ್ನು ನೀರೇ ಪೂರ್ತಿ ಹೀರಿಬಿಡುವುದರಿಂದ ನೀರು ತುಂಬಿದ ಮೂತ್ರಕೋಶದೊಳಗೆ ಏನೂ ಪ್ರಯೋಜನವಿಲ್ಲ, ಹೊರಚರ್ಮದ ಗಂಟುಗಳಂಥವಕ್ಕೆ ಸರಿ.

"ನಿಮ್ಮದು 90 ಗ್ರಾಂ. ಕರೆಂಟ್ ಲೂಪಿನಲ್ಲಿ ಕೆರೆದು ತೆಗೆಯುವ ಟಿಯುಆರ್‌ಪಿ ಸಾಮಾನ್ಯವಾಗಿ 80ರ ಒಳಗಿನದಕ್ಕೆ ಸರಿ. ನಾನಾದರೆ ಹೋಲ್ಮಿಯಂನಲ್ಲಿ ಪೂರ್ತಿ ಬಿಡಿಸಿ ತೆಗೀತೀನಿ" ಅಂದರು. ಇದಕ್ಕೆ ಹೋಲೆಪ್ ಅಂತ ಹೆಸರು. 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಅವರ ಜೊತೆಗಾರರು ರೂಪಿಸಿದ ವಿಧಾನ. ಹೃದಯದ ಡಾಕ್ಟರ ಜೊತೆ ಅವರೇ ಫೋನಿನಲ್ಲಿ ಮಾತಾಡಿ, ಮಾತ್ರೆಗಳಲ್ಲಿ ಯಾವುದು ಇರಲಿ ಯಾವುದು ಬೇಡ ಅಂತ ಬರೆದುಕೊಟ್ಟರು.

ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರವಿತ್ತು. ತೆರೆ ನೋಡಬಹುದಾ ಅಂತ ಕೇಳಿದೆ, ಸ್ವಲ್ಪ ನನ್ನ ಕಡೆ ತಿರುಗಿಸಿದರು. ಥಿಯೇಟರಿನಲ್ಲಿ ಎಲ್ಲರಿಗೂ ಕನ್ನಡಕ, ನನಗೂ ಒಂದು. ತೆರೆಯ ಮೇಲೆ ಹಸಿರು ಚುಕ್ಕೆ ಓಡಾಡುತ್ತಿತ್ತು. ಅದು ಗುರಿ ತೋರಿಸುವ ಬೆಳಕು. ಹೋಲ್ಮಿಯಂ ಅವಕೆಂಪು, ಕಣ್ಣಿಗೆ ಕಾಣುವುದೇ ಇಲ್ಲ. ಚುಕ್ಕೆ ಹೋದ ಕಡೆಯೆಲ್ಲ ಬಿಳಿ ನೂಲಿನಂಥ ಎಳೆಗಳು ಪಟಪಟ ಬಿಡುತ್ತಿದ್ದವು. ಹಸಿ ಅಡಿಕೆ ಸುಲಿದಾಗ ಸಿಪ್ಪೆ ಒಂದು ಕಡೆ, ಕಾಯಿ ಒಂದು ಕಡೆ ಆಗುತ್ತದಲ್ಲ, ಹಾಗೆ ಬೆಳೆದ ಗಡ್ಡೆ ತನ್ನ ಹೊರಕವಚದಿಂದ ಬಿಡಿಸಿಕೊಂಡು ಬಂತು. ಎಲ್ಲೋ ಒಂದು ಕಡೆ ಕೆಂಪು ಚಿಮ್ಮಿತು. ಡಾಕ್ಟರು ಫೈಬರನ್ನು ಕೂದಲೆಳೆಯಷ್ಟು ಹಿಂದೆ ಎಳೆದು ಅಲ್ಲೇ ಹಿಡಿದರು. ಆ ಜಾಗ ಬೆಳ್ಳಗಾಗಿ ರಕ್ತ ನಿಂತಿತು. ಕವರಿನ ಮೇಲೆ ಬರೆದು ತೋರಿಸಿದ್ದು ಕಣ್ಣೆದುರೇ ನಡೆಯಿತು. ಆಮೇಲೆ ಗಡ್ಡೆಯನ್ನು ಮೂತ್ರಕೋಶಕ್ಕೆ ತಳ್ಳಿ, ಮಾರ್ಸಿಲೇಟರ್ ಎಂಬ ಯಂತ್ರದಿಂದ ಪುಡಿ ಮಾಡಿ ಹೀರಿ ತೆಗೆದರು. ಆ ಚೂರೆಲ್ಲ ಬಯಾಪ್ಸಿಗೆ ಹೋಯಿತು. ವರದಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದಾಗ ನನ್ನ ಹೆಂಡತಿ ಕೌಂಟರಿನ ಮುಂದೆಯೇ ಕೈಮುಗಿದಳು.

ಆಪರೇಷನ್ ನಡೆಯುವಾಗ ಒಳಗೆ ಹರಿಸುವುದು ಸಲೈನ್, ಅಂದರೆ ಉಪ್ಪುನೀರು. ಹಳೆಯ ಕರೆಂಟ್ ಪದ್ಧತಿಯಲ್ಲಿ ಗ್ಲೈಸಿನ್ ದ್ರವ ಬಳಸುತ್ತಿದ್ದರು, ಅದು ಜಾಸ್ತಿ ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿಯುವ ಭಯ. ಸಲೈನಿನಲ್ಲಿ ಆ ಭಯ ಇಲ್ಲ.

ವಾರ್ಡಿನಲ್ಲಿ ಸಿಸ್ಟರ್‌ಗಳು ಮೂತ್ರದ ಚೀಲದ ಬಣ್ಣ ನೋಡಿ ನೋಡಿ ಒಳಗೆ ಬಿಡುವ ನೀರಿನ ವೇಗ ಹೊಂದಿಸುತ್ತಿದ್ದರು. ಗುಲಾಬಿ ಬಣ್ಣ ತಿಳಿಯಾದ ಮೇಲೆ ಕ್ಯಾಥೆಟರ್ ತೆಗೆದರು. ಮೊದಲ ಸಲ ತಡೆಯಿಲ್ಲದೆ ಹರಿದಾಗ ಆದ ಸಮಾಧಾನ ಈ ತೊಂದರೆ ಅನುಭವಿಸಿದವರಿಗೇ ಗೊತ್ತು.

ಎರಡು ಸಂಗತಿ ಡಾಕ್ಟರು ಮೊದಲೇ, ಹೆಂಡತಿಯ ಎದುರೇ ಹೇಳಿದ್ದರು. ಒಂದು, ಕೆಲವು ವಾರ ಕೆಮ್ಮಿದಾಗ, ಎದ್ದಾಗ ತುಸು ಸೋರಬಹುದು, ಕೆಳಗಿನ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ ಮಾಡಬೇಕು. ಎರಡು, ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹಿಂದೆ ಹೋಗುವುದು ಈ ಆಪರೇಷನ್ನಿನಲ್ಲಿ ಮಾಮೂಲು. ನಾಚಿಕೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲು ಹೋದ ಕಡೆ ಯಾರೂ ಇದರ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಸೋರಿಕೆ ಆಯಿತು, ವ್ಯಾಯಾಮದಿಂದ ನಿಂತಿತು.

ಈಗ ದೂರು. ಎಸ್ಟಿಮೇಟಿನಲ್ಲಿ ಇಲ್ಲದ ಲೇಸರ್ ಫೈಬರಿನ ಹಣ, ಮಾರ್ಸಿಲೇಟರ್ ಬ್ಲೇಡಿನ ಹಣ ಕೊನೆಯ ಬಿಲ್ಲಿನಲ್ಲಿ ಬಂತು. ಕೇಳಿದರೆ "ಅದು ಕನ್ಸ್ಯೂಮಬಲ್ಸ್ ಸರ್" ಅಂತ ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದರು. ಅಡಿಕೆ ಮಾರಿ ಎಣಿಸಿ ತಂದ ದುಡ್ಡು, ಮೊದಲೇ ಹೇಳಬೇಕು ಅಲ್ವಾ? ಡಿಸ್ಚಾರ್ಜ್ ಹಾಳೆ ಪೂರ್ತಿ ಇಂಗ್ಲಿಷ್. ಪಕ್ಕದ ಹಾಸಿಗೆಯ ಹೊಸನಗರದ ಅಜ್ಜನಿಗೆ ಯಾವ ಮಾತ್ರೆ ಯಾವಾಗ ಅಂತ ನಾನು ಕನ್ನಡದಲ್ಲಿ ಬರೆದುಕೊಟ್ಟೆ. ಇಷ್ಟು ಒಳ್ಳೆ ಕೆಲಸ ಮಾಡುವ ವಿಭಾಗಕ್ಕೆ ಒಂದು ಕನ್ನಡ ಹಾಳೆ ಅಚ್ಚು ಹಾಕಿಸುವುದು ಕಷ್ಟವೇ?

ಹೋಗುವವರು ಇಷ್ಟು ಕೇಳಿ: ಯಾವ ಲೇಸರ್, ಆವಿ ಮಾಡುತ್ತೀರೋ ಬಿಡಿಸಿ ತೆಗೆಯುತ್ತೀರೋ, ಬಯಾಪ್ಸಿಗೆ ಚೂರು ಸಿಗುತ್ತದೋ, ಇದೇ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ. ಹೋಲೆಪ್ ಕೈ ಪಳಗಲು ಬಹಳ ಸಮಯ ಹಿಡಿಯುವ ಕೆಲಸ, ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಫೈಬರಿನ ಹಣ ಸೇರಿಸಿದ ಎಸ್ಟಿಮೇಟ್ ಬರವಣಿಗೆಯಲ್ಲಿ ತಗೊಳ್ಳಿ.

ಆಗುಂಬೆ, ಕೊಪ್ಪದ ಕಡೆಯಿಂದ ಬರುವವರು ಡಿಸ್ಚಾರ್ಜ್ ಆದ ದಿನವೇ ಬಸ್ಸು ಹತ್ತಬೇಡಿ. ರಸ್ತೆಯ ಕುಲುಕಾಟಕ್ಕೆ ಮತ್ತೆ ಮೂತ್ರ ಕೆಂಪಾಗಬಹುದು. ನೆಂಟರ ಮನೆ ಇದ್ದರೆ ಶಿವಮೊಗ್ಗದಲ್ಲೇ ಒಂದೆರಡು ದಿನ ಉಳಿದು, ಚೆನ್ನಾಗಿ ನೀರು ಕುಡಿದು, ಕಾರಿನಲ್ಲಿ ನಿಧಾನ ಹೋಗಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ತೋಟಕ್ಕೆ ಬಂದರೂ ಅಡಿಕೆ ಚೀಲಕ್ಕೆ ಕೈ ಹಾಕಬೇಡಿ, ಡಾಕ್ಟರು ಸರಿ ಅನ್ನುವ ತನಕ ಮಗನೋ ಅಳಿಯನೋ ಹೊರಲಿ.