‘ಮೊದಲ ಮುದ್ರಣದ ಗೀತಾಂಜಲಿ’ ಕೊಳ್ಳುವ ಮುನ್ನ ಆ ಒಂದು ಪುಟ ಕೇಳಿ ನೋಡಿ

ಟಾಗೋರರ ಇಂಗ್ಲಿಷ್ ಗೀತಾಂಜಲಿಯ ಹಳೆಯ ಪ್ರತಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮೋಸ ಹೋಗಿದ್ದೇನೆ. ದುಡ್ಡು ಹೋಗಿದ್ದಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಇನ್ನೊಂದಿದೆ, ಅದನ್ನೂ ಹೇಳುತ್ತೇನೆ.

ಅಪ್ಪನ ಹತ್ತಿರ ಇದ್ದ ಪ್ರತಿ ಗೆದ್ದಲು ಹಿಡಿದು ಹೋಗಿ ವರ್ಷಗಳೇ ಆಗಿದ್ದವು. ಹಳೆಯ ಪುಸ್ತಕ ಮಾರುವವರೊಬ್ಬರು ಆನ್‌ಲೈನಿನಲ್ಲಿ ‘1913, ಮೊದಲ ಮುದ್ರಣ, ಹಾಳೆಗಳೆಲ್ಲ ಸರಿಯಾಗಿವೆ’ ಎಂದು ಹಾಕಿದ್ದರು. ನಾಲ್ಕು ಫೋಟೊ ಇದ್ದವು: ರಟ್ಟು, ಬೆನ್ನು, ಶೀರ್ಷಿಕೆ ಪುಟ, ನಡುವಿನ ಯಾವುದೋ ಹಾಡು. ಶೀರ್ಷಿಕೆ ಪುಟದಲ್ಲಿ ಪ್ರಕಾಶಕರಾದ ಮ್ಯಾಕ್ಮಿಲನ್ ಹೆಸರು, 1913 ಇಸವಿ, ಎರಡೂ ಸ್ಪಷ್ಟವಾಗಿದ್ದವು. ಅಷ್ಟು ಸಾಕು ಅನ್ನಿಸಿ ಪೂರ್ತಿ ಹಣ ಮೊದಲೇ ಕಳಿಸಿಬಿಟ್ಟೆ.

ಅಷ್ಟು ಸಾಲದು ಎಂದು ಗೊತ್ತಾಗಿದ್ದು ಆಮೇಲೆ. ಇಂಗ್ಲಿಷ್ ಗೀತಾಂಜಲಿಯ ಮೊಟ್ಟಮೊದಲ ಮುದ್ರಣ 1912ರದ್ದು. ಲಂಡನ್ನಿನ ಇಂಡಿಯಾ ಸೊಸೈಟಿ ಅಚ್ಚು ಹಾಕಿಸಿದ್ದು 750 ಪ್ರತಿ, ಅದರಲ್ಲಿ ಮಾರಾಟಕ್ಕೆ ಇಟ್ಟದ್ದು ಬರೀ 250. ಮ್ಯಾಕ್ಮಿಲನ್ ಆವೃತ್ತಿ ಬಂದದ್ದು 1913ರ ಮಾರ್ಚಿನಲ್ಲಿ. ನವೆಂಬರಿನಲ್ಲಿ ನೊಬೆಲ್ ಸುದ್ದಿ ಬರುವ ಮೊದಲೇ ಅದು ಮತ್ತೆ ಮತ್ತೆ ಅಚ್ಚಾಗಿತ್ತು. ಹೀಗಾಗಿ 1913 ಎಂಬ ಇಸವಿಯೊಂದನ್ನೇ ನೋಡಿ ಮೊದಲ ಮುದ್ರಣ ಅನ್ನುವ ಹಾಗಿಲ್ಲ. ಯಾವ ಮುದ್ರಣ ಎಂಬ ವಿವರಕ್ಕೆ ಶೀರ್ಷಿಕೆ ಪುಟದ ಬೆನ್ನಿಗಿರುವ ಪುಟವನ್ನು ನೋಡಬೇಕು. ಆ ಪುಟದ ಫೋಟೊ ನನಗೆ ಕಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಾರ್ಸೆಲ್ ಬಿಚ್ಚಿ ಆ ಹಾಳೆ ತಿರುಗಿಸಿದರೆ, ಅಲ್ಲಿ ಯಾವುದೋ ಗ್ರಂಥಾಲಯದ ಹಳೆಯ ಚೀಟಿ ಅಂಟಿಸಿತ್ತು. ಚೀಟಿ ಹಳದಿಗಟ್ಟಿತ್ತು, ಆದರೆ ಅಂಚಿನಲ್ಲಿ ಉಕ್ಕಿದ ಗೋಂದು ಬೆಳ್ಳಗೆ, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಹಸಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚೀಟಿಯ ಅಡಿಯಿಂದ ಮರುಮುದ್ರಣದ ತಿಂಗಳುಗಳು ಒಂದರ ಹಿಂದೆ ಒಂದು ಮೂಡಿದವು. ಬೇಕೆಂದೇ ಮುಚ್ಚಿದ್ದರು.

ಪುಸ್ತಕದ ಮೊದಲಿಗೆ ಚಿತ್ರಕಾರ ರೋಥೆನ್‌ಸ್ಟೈನ್ ಬರೆದ ಕವಿಯ ಚಿತ್ರ ಇರಬೇಕಿತ್ತು, ಅದಿರಲಿಲ್ಲ. ಹೋಗಲಿ, ಓದಲಿಕ್ಕಾದರೂ ಆಯಿತು ಎಂದು ಅಪ್ಪನ ಕೈಗೆ ಕೊಟ್ಟೆ. ಅವರು ನೇರವಾಗಿ 35ನೇ ಹಾಡಿಗೆ ಹೋದರು, ಮನಸ್ಸು ಎಲ್ಲಿ ನಿರ್ಭಯವಾಗಿರುತ್ತದೋ ಎಂದು ಶುರುವಾಗುವ ಆ ಪ್ರಾರ್ಥನೆಗೆ. ಹಾಳೆಯೇ ಇಲ್ಲ. ಹೊಲಿಗೆಯ ಪಕ್ಕದಲ್ಲಿ ಬೆರಳಗಲದ ತುಂಡು ಉಳಿದಿತ್ತು, ಬ್ಲೇಡಿನಿಂದ ಕೊಯ್ದ ಅಂಚು ನೇರವಾಗಿತ್ತು. ಬಹುಶಃ ಚೌಕಟ್ಟು ಹಾಕಿಸಲು ಯಾರೋ ತೆಗೆದಿರಬೇಕು. ಅಪ್ಪ ಆ ತುಂಡನ್ನು ಬೆರಳಿನಿಂದ ಸವರಿದರು. ಆಮೇಲೆ ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಆ ಹಾಡನ್ನು ಬಾಯಿಪಾಠವಾಗಿಯೇ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರಿದವರಿಗೆ ಫೋನ್ ಮಾಡಿದರೆ ‘ಹಳೇ ಪುಸ್ತಕ ಅಂದ್ಮೇಲೆ ಇದೆಲ್ಲ ಇದ್ದಿದ್ದೇ’ ಅಂದರು. ಚೀಟಿಯ ಮಾತೆತ್ತಿದ ಕೂಡಲೇ ಫೋನ್ ಇಟ್ಟರು. ನಾನು ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಂಡಿರಲಿಲ್ಲ, ಹಾಳೆ ನೀವೇ ಹರಿದಿರಬಹುದು ಎಂಬ ಅವರ ಮಾತನ್ನು ಅಲ್ಲಗಳೆಯಲು ನನ್ನ ಹತ್ತಿರ ಪುರಾವೆಯೂ ಇರಲಿಲ್ಲ.

ನೀವು ಕೊಳ್ಳುವುದಾದರೆ, ಶೀರ್ಷಿಕೆ ಪುಟದ ಎರಡೂ ಬದಿಯ ಫೋಟೊ ಕೈಸೇರುವ ತನಕ ದುಡ್ಡು ಕಳಿಸಬೇಡಿ. ಆ ಪುಟದ ಮೇಲೆ ಚೀಟಿ, ಮೊಹರು, ಕೆರೆದ ಗುರುತು ಏನೇ ಕಂಡರೂ ಅದರ ಬಗ್ಗೆ ಬಿಡಿಸಿ ಕೇಳಿ. ಕವಿಯ ಹೆಸರಿನ ಹಿಂದೆ ‘ಸರ್’ ಇದ್ದರೆ ಅದು 1913ರದ್ದಾಗಲು ಸಾಧ್ಯವೇ ಇಲ್ಲ, ಆ ಬಿರುದು ಬಂದದ್ದು 1915ರಲ್ಲಿ. ಒಟ್ಟು 103 ಹಾಡುಗಳಿರಬೇಕು. ಹಾಳೆ ತಿರುಗಿಸುತ್ತಾ ಒಂದು ವಿಡಿಯೊ ಮಾಡಿ ಕಳಿಸಿ ಅನ್ನಿ, ಪ್ರಾಮಾಣಿಕರಾದವರು ಬೇಸರಿಸುವುದಿಲ್ಲ. ಹಸ್ತಾಕ್ಷರ ಇದೆ ಅಂದರಂತೂ ಇನ್ನೂ ಹುಷಾರಾಗಿರಿ, ಅಚ್ಚು ಹಾಕಿದ ಸಹಿಯನ್ನೇ ಶಾಯಿಯದ್ದು ಎಂದು ತೋರಿಸುವವರಿದ್ದಾರೆ.

ಇದನ್ನು ಈಗ ಬರೆಯಲು ಕಾರಣವಿದೆ. ಮೊನ್ನೆ ಅದೇ ಜಾಹೀರಾತು ಮತ್ತೆ ಕಂಡಿತು. ಅದೇ ಮಾತು, ಅದೇ ನಾಲ್ಕು ಫೋಟೊ. ಶೀರ್ಷಿಕೆ ಪುಟದ ಬಲ ಮೂಲೆಯಲ್ಲಿ ಕಂದು ಬಣ್ಣದ ಒಂದು ಕಲೆ ಇದೆ. ಆ ಕಲೆಯಿರುವ ಪುಸ್ತಕ ಈಗ ನಮ್ಮ ಮನೆಯ ಕಪಾಟಿನಲ್ಲಿದೆ.