ಎಚ್‌ಡಿಎಫ್5 ಮೌಂಟ್: ಓದಿ ಮುಗಿಸುವವರೆಗೆ ಸೈ, ಕಟ್ಟಿಡಲು ಅಲ್ಲ

ಮೂಡಿಗೆರೆ, ಸಕಲೇಶಪುರದ ತೋಟಗಳ ಮಳೆ ಲೆಕ್ಕವನ್ನು ತೋಟಕ್ಕೊಂದು ಎಚ್‌ಡಿಎಫ್5 ಫೈಲ್‌ನಲ್ಲಿ ಇಟ್ಟುಕೊಂಡಿದ್ದೀರಿ ಎನ್ನಿ. ಎಚ್‌ಡಿಎಫ್5 ಎಂದರೆ ಅಂಕಿಗಳ ಪಟ್ಟಿಗಳನ್ನು (ಡೇಟಾಸೆಟ್) ಫೋಲ್ಡರ್‌ಗಳಂಥ ಗುಂಪುಗಳಲ್ಲಿ ಜೋಡಿಸಿಡುವ ಫೈಲ್ ನಮೂನೆ. ಎಲ್ಲವನ್ನೂ ಒಂದೇ ಫೈಲ್‌ನ ಗುಂಪುಗಳಂತೆ ಓದಬೇಕು, ಆದರೆ ನಕಲು ಮಾಡಿ ಡಿಸ್ಕ್ ತುಂಬಿಸಬಾರದು. ಎಚ್‌ಡಿಎಫ್5 ಲೈಬ್ರರಿಯ ಮೌಂಟ್ ಇರುವುದೇ ಇದಕ್ಕೆ: ಒಂದು ಫೈಲನ್ನು (ಮರಿ) ಇನ್ನೊಂದರ (ತಾಯಿ) ಗುಂಪಿನ ಜಾಗದಲ್ಲಿ ತಾತ್ಕಾಲಿಕವಾಗಿ ಕೂರಿಸುವುದು. ಉಚಿತ, ವೇಗದ ಬಗ್ಗೆ ತಕರಾರಿಲ್ಲ. ಆದರೂ ಐದಕ್ಕೆ ಮೂರೇ ಅಂಕ.

ಬಳಸುವುದು ಸುಲಭ. ತಾಯಿ ಫೈಲ್‌ನಲ್ಲಿ 'ಮೂಡಿಗೆರೆ' ಎಂಬ ಖಾಲಿ ಗುಂಪು ಮೊದಲೇ ಇರಬೇಕು. ಮೌಂಟ್ ತಾನಾಗಿ ಗುಂಪು ಹುಟ್ಟಿಸುವುದಿಲ್ಲ. ಎರಡೂ ಫೈಲ್ ತೆರೆದು, ತಾಯಿಯ ಐಡಿ (ಫೈಲ್ ತೆರೆದಾಗ ಸಿಗುವ ಗುರುತು), ಗುಂಪಿನ ಹೆಸರು, ಮರಿ ಫೈಲ್‌ನ ಐಡಿ, ಇಷ್ಟನ್ನು ಕೊಟ್ಟರೆ ಆಯಿತು. ಸಿ ಭಾಷೆಯಲ್ಲಿ ನಾಲ್ಕನೆಯದಾಗಿ ಡೀಫಾಲ್ಟ್ ಪ್ರಾಪರ್ಟಿ ಲಿಸ್ಟ್ (ಆಯ್ಕೆಗಳ ಪಟ್ಟಿ) ಸೇರಿಸಿ. ಪೈಥಾನ್‌ನಿಂದ ಎಚ್‌ಡಿಎಫ್5 ಬಳಸಲು ಇರುವ ಎಚ್5ಪೈ ಲೈಬ್ರರಿಯಲ್ಲಿ ಈ ಫಂಕ್ಷನ್ ಒಳಪದರದ ಎಚ್5ಎಫ್ ಮಾಡ್ಯೂಲ್‌ನಲ್ಲಿದೆ. ಅಲ್ಲಿ ಹೆಸರನ್ನು ಬೈಟ್ಸ್ ರೂಪದಲ್ಲೇ ಕೊಡಬೇಕು, ಮಾಮೂಲಿ ಸ್ಟ್ರಿಂಗ್ ಕೊಟ್ಟರೆ ಎರರ್. ಕೆಲಸ ಮುಗಿದ ಮೇಲೆ ಮೊದಲು ಅನ್‌ಮೌಂಟ್, ಆಮೇಲೆ ಮರಿ, ಕೊನೆಗೆ ತಾಯಿ ಫೈಲ್ ಮುಚ್ಚಿ.

ಎಡವುವುದು ಆಟ್ರಿಬ್ಯೂಟ್‌ಗಳಲ್ಲಿ, ಅಂದರೆ ಗುಂಪಿಗೋ ಡೇಟಾಸೆಟ್‌ಗೋ ಅಂಟಿಸಿದ ಸಣ್ಣ ಟಿಪ್ಪಣಿಗಳಲ್ಲಿ. ಮೌಂಟ್ ಆಗುತ್ತಲೇ ತಾಯಿಯ ಆ ಗುಂಪು ಮರೆಯಾಗಿ, ಅದರ ಜಾಗದಲ್ಲಿ ಮರಿಯ ಬೇರು (ಎಲ್ಲಕ್ಕೂ ಮೇಲಿನ) ಗುಂಪು ಕಾಣುತ್ತದೆ. ಮರೆಯಾದ ಗುಂಪಿನ ಮೇಲೆ 'ಅಳತೆ: ಸೆಂಟ್' ಎಂದು ಬರೆದಿಟ್ಟಿದ್ದರೆ ಅದೂ ಕಾಣುವುದಿಲ್ಲ. ಪ್ಲಾಂಟರ್‌ಗಳ ಬಾಯಲ್ಲಿ ಎಂಬತ್ತು ಸೆಂಟ್ ಅಂದರೆ 0.80 ಇಂಚು, 20.32 ಮಿಲಿಮೀಟರ್. ಅದನ್ನೇ 80 ಮಿಲಿಮೀಟರ್ ಎಂದು ಓದಿಕೊಂಡರೆ ಹದವಾದ ಹೂಮಳೆ ದೊಡ್ಡ ಜಡಿಮಳೆಯಾಗಿಬಿಡುತ್ತದೆ! ಅಳತೆಯನ್ನು ಮರಿ ಫೈಲ್‌ನ ಡೇಟಾಸೆಟ್ ಮೇಲೆಯೇ ಬರೆಯಿರಿ.

ಇನ್ನೊಂದು ಕೊರತೆ: ಮೌಂಟ್ ಇರುವುದು ಮೆಮೊರಿಯಲ್ಲಿ ಮಾತ್ರ, ಫೈಲ್‌ನಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಪ್ರೋಗ್ರಾಂ ನಿಂತರೆ ಮುಗಿಯಿತು. ಫೈಲ್‌ನ ಒಳಗಿರುವುದನ್ನು ಪಟ್ಟಿ ಮಾಡುವ ಎಚ್5ಎಲ್‌ಎಸ್ ಸಾಧನದಿಂದ ತಾಯಿ ಫೈಲ್ ನೋಡಿದರೆ ಆ ಖಾಲಿ ಗುಂಪೇ. ಒಂದು ಮರಿಯನ್ನು ಏಕಕಾಲಕ್ಕೆ ಎರಡು ಕಡೆ ಕೂರಿಸಲಾಗದು, ಮರಿಯೊಳಕ್ಕೆ ತಾಯಿಯನ್ನೇ ತಿರುಗಿ ಸೇರಿಸಲೂ ಆಗದು. ಎರಡು ಫೈಲ್‌ಗಳ ನಡುವೆ ಹಾರ್ಡ್ ಲಿಂಕ್ (ಒಂದೇ ವಸ್ತುವಿಗೆ ಇನ್ನೊಂದು ಹೆಸರು) ಸಾಧ್ಯವಿಲ್ಲ. ಫೈಲ್‌ಗಳ ಕ್ಲೋಸ್ ಡಿಗ್ರಿ (ಫೈಲ್ ಮುಚ್ಚುವಾಗ ಒಳಗೆ ತೆರೆದಿರುವುದನ್ನು ಏನು ಮಾಡಬೇಕೆಂಬ ಆಯ್ಕೆ) ಬೇರೆಬೇರೆಯಾಗಿದ್ದರೂ ಮೌಂಟ್ ಸೋಲುತ್ತದೆ. ಎರಡನ್ನೂ ಎಚ್5ಪೈನಲ್ಲೇ ತೆರೆದರೆ ಈ ರಗಳೆ ಇಲ್ಲ.

ಕಾಯಂ ಆಗಿ ಬೇಕಿದ್ದರೆ 1.8ನೇ ಆವೃತ್ತಿಯಿಂದ ಇರುವ ಎಕ್ಸ್‌ಟರ್ನಲ್ ಲಿಂಕ್ ಹಿಡಿಯಿರಿ. ಅದು ಮರಿಯ ಹೆಸರು ಮತ್ತು ಒಳದಾರಿಯನ್ನು ತಾಯಿ ಫೈಲ್‌ನಲ್ಲೇ ಬರೆದಿಡುತ್ತದೆ. ಡ್ರೈವ್ ಸಮೇತ ಪೂರ್ಣ ವಿಳಾಸ ಬರೆದರೆ ಹಾಸನದ ಕಂಪ್ಯೂಟರ್‌ನಲ್ಲಿ ಓಡಿದ್ದು ಚಿಕ್ಕಮಗಳೂರಿನಲ್ಲಿ ಮರಿ ಸಿಗದೆ ಕೀ ಎರರ್ ಕೊಡಬಹುದು. ಎಲ್ಲ ಫೈಲ್ ಒಂದೇ ಫೋಲ್ಡರ್‌ನಲ್ಲಿಟ್ಟು ಬರೀ ಫೈಲ್ ಹೆಸರು ಕೊಡಿ, ಫೋಲ್ಡರ್ ಎಲ್ಲಿಗೆ ಹೋದರೂ ನಡೆಯುತ್ತದೆ.

ಹಲವು ತೋಟಗಳ ಅಂಕಿಗಳನ್ನು ಒಂದೇ ಪಟ್ಟಿಯಾಗಿ ಜೋಡಿಸಲು 1.10ರ ವರ್ಚುವಲ್ ಡೇಟಾಸೆಟ್ ಇನ್ನೂ ಚೆಂದ, ಆದರೆ ಅದೇ ಅಪಾಯಕಾರಿಯೂ ಹೌದು. ಮೂಲ ಫೈಲ್ ಕಾಣೆಯಾದರೆ ಎರರ್ ಬರುವುದಿಲ್ಲ, ಸುಮ್ಮನೆ ಫಿಲ್ ಮೌಲ್ಯ (ಖಾಲಿ ಜಾಗಕ್ಕೆ ಹಾಕುವ ಅಂಕಿ) ತುಂಬಿ ಕೊಡುತ್ತದೆ. ನೀವೇನೂ ಹೇಳದಿದ್ದರೆ ಅದು ಸೊನ್ನೆ, ಅಂದರೆ ಲೆಕ್ಕದಲ್ಲಿ ಆ ತೋಟಕ್ಕೆ ಮಳೆಯೇ ಇಲ್ಲ. ಡೇಟಾಸೆಟ್ ಮಾಡುವಾಗಲೇ ಫಿಲ್ ಮೌಲ್ಯವನ್ನು ಮಳೆಗೆ ಎಂದೂ ಬರಲಾಗದ -9999 ಎಂದು ಕೊಟ್ಟುಬಿಡಿ.